ದಾಕ್ಷಾಯಣಮ್ಮನ ರಕ್ತ, ತೀರ್ಥಪ್ಪನವರ ತೀರ್ಮಾನ

ದಾಕ್ಷಾಯಣಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕಡೂರಿನ ಕಣ್ಣಿನ ಡಾಕ್ಟರು ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕಣ್ಣು ತೋರಿಸಲು ಹೋದವಳ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿಕೊಂಡಿತು. "ಲಿವರ್‌ಗೆ ಸಂಬಂಧಪಟ್ಟಿದ್ದು. ತರೀಕೆರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬನ್ನಿ" ಎಂದು ಅವರು ಕಳಿಸಿದರು.

ಬಸ್ಸು ಅಜ್ಜಂಪುರ ಮುಟ್ಟುವಷ್ಟರಲ್ಲಿ ಅವಳ ಗಂಡ ತೀರ್ಥಪ್ಪನವರು ಈ ರೋಗದ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡಿದ್ದರು. ಪಕ್ಕದ ಸೀಟಿನವರನ್ನು ವಿಚಾರಿಸಿದ್ದರು, ಸಾಲದೇ? ಊರಿನಲ್ಲಿ ಅವರದು ಗೊಬ್ಬರ, ಕೀಟನಾಶಕದ ಅಂಗಡಿ. ರೈತ ರೋಗ ಹತ್ತಿದ ಎಲೆಯನ್ನು ಚೀಲದಿಂದ ತೆಗೆಯುವ ಮೊದಲೇ ಔಷಧಿಯ ಡಬ್ಬ ಕೌಂಟರಿನ ಮೇಲಿಡುವ ಕೀರ್ತಿವಂತರು. ಅಂಥವರಿಗೆ ಹೆಂಡತಿಯ ಲಿವರ್ ಯಾವ ಲೆಕ್ಕ?

ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ತೀರ್ಥಪ್ಪನವರು ಮತ್ತು ಅವರ ಅಕ್ಕ ಕಾಮಾಕ್ಷಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದ ಕಾಮಾಕ್ಷಮ್ಮ, ಅಲ್ಲಿನ ಎಲ್ಲರ ಆರೋಗ್ಯವನ್ನೂ ತಾವೇ ವಹಿಸಿಕೊಂಡಿದ್ದರು. ರೋಗ ಬಂದವಳನ್ನು ಮಾತ್ರ ಯಾರೂ ಸಭೆಗೆ ಕರೆಯಲಿಲ್ಲ. ಅವಳು ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ತನ್ನ ಗತಿ ಏನಾಗುತ್ತದೆಂದು ಕೇಳಿಸಿಕೊಂಡಳು.

"ಇದು ಕಾಮಾಲೆ ಕಣೋ. ಲಿಂಗದಳ್ಳಿ ಹತ್ರ ಒಬ್ರು ಬೇರು ಅರೆದು ಕೊಡ್ತಾರೆ. ಉಪ್ಪು ಬಿಟ್ಟು ಪಥ್ಯ ಮಾಡಿದ್ರೆ ಆಯ್ತು," ಅಂದರು ಕಾಮಾಕ್ಷಮ್ಮ.

"ನನ್ ಕಣ್ಣು ಹಳದಿ ಆಗಿಲ್ವಲ್ಲ ಅತ್ತಿಗೆ?"

"ಪೊರೆ ಬಂದಿರೋ ಕಣ್ಣಲ್ಲಿ ನಿಂಗೆ ಬಣ್ಣ ಎಲ್ ಕಾಣ್ತದೆ, ಸುಮ್ನಿರು."

ಈ ತರ್ಕಕ್ಕೆ ದಾಕ್ಷಾಯಣಮ್ಮ ಮನಸ್ಸಿನಲ್ಲೇ ಕೈಮುಗಿದಳು. ಕೊನೆಗೆ ತೀರ್ಥಪ್ಪನವರು ತೀರ್ಪು ಕೊಟ್ಟರು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಅಡುಗೆಮನೆಗೆ ಕಾಲಿಡುವಂತಿಲ್ಲ.

ಮದುವೆಯಾದಾಗಿನಿಂದ ಈ ಮನುಷ್ಯನಿಗೆ ಬಿಸಿರೊಟ್ಟಿ ತಟ್ಟಿ ಹಾಕಿದ ಕೈ ಈಗ ಅಂಟುರೋಗದ ಕೈ! ಆದರೆ ಮಾರನೆಯ ದಿನ ಕಾಮಾಕ್ಷಮ್ಮನ ಸಾರು ಬಾಯಿಗಿಟ್ಟುಕೊಂಡ ಗಂಡನ ಮುಖ, ಪೊರೆ ಬಂದ ಕಣ್ಣಿಗೂ ಚೆನ್ನಾಗಿ ಕಾಣಿಸಿತು. ಅವಳು ಜಗಲಿಯಲ್ಲಿ ಕಾಲು ಚಾಚಿ, ತನ್ನ ಪ್ರತ್ಯೇಕ ಲೋಟದಲ್ಲಿ ಕಾಫಿ ತರಿಸಿಕೊಂಡು ಕುಡಿದಳು.

ತರೀಕೆರೆಯಲ್ಲಿ ಡಾಕ್ಟರ್ ಭುವನಾ ಕೇಳಿದ ಪ್ರಶ್ನೆಗಳಿಗೆಲ್ಲ ತೀರ್ಥಪ್ಪನವರೇ ಉತ್ತರ ಕೊಟ್ಟರು.

"ಪೇಷೆಂಟ್ ಯಾರು, ನೀವಾ?" ಎಂದು ಆಕೆ ಕೇಳಿ, ದಾಕ್ಷಾಯಣಮ್ಮನ ಕಡೆ ತಿರುಗಿದರು. "ನೋಡಿ ಅಮ್ಮ, ಈ ವೈರಸ್ ಯಾವತ್ತೋ ಒಳಗೆ ಬಂದಿತ್ತು ಅಂತ ಮಾತ್ರ ಈ ಟೆಸ್ಟ್ ಹೇಳುತ್ತೆ. ಈಗ್ಲೂ ಇದೆಯಾ ಅಂತ ತಿಳಿಯೋಕೆ ಇನ್ನೊಂದು ಟೆಸ್ಟ್ ಬೇಕು. ಕೆಲವರಲ್ಲಿ ತಾನಾಗೇ ಹೋಗಿರುತ್ತೆ. ಇದ್ರೆ ಮಾತ್ರೆ ಇದೆ, ಸಾಮಾನ್ಯವಾಗಿ ಮೂರು ತಿಂಗಳು ನುಂಗಬೇಕು. ಒಟ್ಟಿಗೆ ಉಂಡ್ರೆ ಅಂಟಲ್ಲ, ರಕ್ತದಿಂದ ರಕ್ತಕ್ಕೆ ಬರೋದು. ಹಿಂದೆ ಇಂಜೆಕ್ಷನ್ ಏನಾದ್ರೂ ತಗೊಂಡಿದ್ರಾ?"

ದಾಕ್ಷಾಯಣಮ್ಮನಿಗೆ ತಿಮ್ಮರಾಯಪ್ಪ ನೆನಪಾದ. ಹಿಂದೆ ಸೈಕಲ್ಲಿನಲ್ಲಿ ಊರೂರು ಸುತ್ತಿ, ಒಂದೇ ಗಾಜಿನ ಸಿರಿಂಜಿನಿಂದ ಇಡೀ ಬೀದಿಯ ಜ್ವರ ಇಳಿಸುತ್ತಿದ್ದ ಪುಣ್ಯಾತ್ಮ.

"ನಾನು ಒಂದೆರಡು ಸಲ ತಗೊಂಡಿದ್ದೆ. ಇವ್ರಿಗೇ ಜಾಸ್ತಿ. ಸೀನು ಬಂದ್ರೂ ಸೂಜಿ ಬೇಕು ಅಂತಿದ್ರು."

"ಹಾಗಿದ್ರೆ ನೀವೂ ಟೆಸ್ಟ್ ಮಾಡಿಸ್ಬೇಕು," ಅಂದರು ಭುವನಾ.

"ನಂಗೇನಾಗಿದೆ ಮೇಡಂ? ಗುಂಡುಕಲ್ಲಿನ ಹಾಗಿದ್ದೀನಿ."

ದಾಕ್ಷಾಯಣಮ್ಮ ಎದ್ದು ನಿಂತಳು. "ಇವ್ರು ರಕ್ತ ಕೊಟ್ರೆ ನಾನೂ ಕೊಡ್ತೀನಿ. ಇಲ್ದಿದ್ರೆ ನಡೀರಿ, ಲಿಂಗದಳ್ಳಿ ಬೇರೇ ಸಾಕು. ಅಡುಗೆ ಹೆಂಗೂ ಅತ್ತಿಗೆ ನೋಡ್ಕಂತಾರೆ, ಕೊನೇ ತನ್ಕ."

ಕೊನೆಯ ಮಾತು ಕೆಲಸ ಮಾಡಿತು. ತೀರ್ಥಪ್ಪನವರು ಅಂಗಿಯ ತೋಳು ಮಡಿಸಿದರು.

ಅವರ ಮೊದಲ ಟೆಸ್ಟಿನಲ್ಲೂ ಅದೇ ಬಂದಾಗ "ನಿಮ್ ಕಿಟ್ ಹಳೇದಿರ್ಬೇಕು" ಅಂದರು. ಇಬ್ಬರ ರಕ್ತವೂ ಎರಡನೆಯ ಟೆಸ್ಟಿಗೆ ಹೋಯಿತು. ಫಲಿತಾಂಶ ಬಂದಾಗ ದಾಕ್ಷಾಯಣಮ್ಮನಲ್ಲಿ ವೈರಸ್ ಇರಲಿಲ್ಲ. ಬಂದಿದ್ದು ಯಾವಾಗಲೋ ತಾನೇ ಹೊರಟುಹೋಗಿತ್ತು. ಗುಂಡುಕಲ್ಲಿನೊಳಗೆ ಮಾತ್ರ ಧಾರಾಳವಾಗಿತ್ತು.

"ಹೆಸರು ಅದಲುಬದಲಾಗಿದೆ," ಅಂದರು ತೀರ್ಥಪ್ಪನವರು. ಹಾಗೇನೂ ಆಗಿರಲಿಲ್ಲ. ಸ್ಕ್ಯಾನಿಂಗ್ ಆಯಿತು, ಇನ್ನಷ್ಟು ರಕ್ತ ಪರೀಕ್ಷೆ ಆಯಿತು. ಲಿವರ್ ಗಟ್ಟಿಯಾಗಲು ಶುರುವಾಗಿದೆ ಎಂದರು ಭುವನಾ. ಒಂದು ವರ್ಷ ಬಿಟ್ಟು ನೋಡೋಣವೇ ಎಂದು ತೀರ್ಥಪ್ಪನವರು ಕೇಳಿದರು. ಬೆಂಗಳೂರಿನಲ್ಲಿ ಜೋರಾದ ಇಂಜೆಕ್ಷನ್ ಇಲ್ಲವೇ, ಸರ್ಕಾರದ ಪುಕ್ಕಟೆ ಮಾತ್ರೆಗೆ ಶಕ್ತಿ ಇರುತ್ತದೆಯೇ ಎಂದೂ ಕೇಳಿದರು.

"ಅಲ್ಲೂ ಇದೇ ಮಾತ್ರೆ ಸರ್, ಡಬ್ಬ ಬೇರೆ ಅಷ್ಟೆ. ಕಾದಷ್ಟೂ ಲಿವರ್ ಹಾಳಾಗುತ್ತೆ. ಯೋಚನೆ ಮಾಡಿ ಹೇಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಪಕ್ಕದ ಸೀಟಿನವರನ್ನು ಏನೂ ಕೇಳಲಿಲ್ಲ. ಟಿಕೆಟ್ಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಅಣಕಿಸಲು ಒಳ್ಳೆಯ ಮಾತೊಂದು ದಾಕ್ಷಾಯಣಮ್ಮನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

"ನಾನೇ ನಿಂಗೆ ಅಂಟಿಸಿದ್ನೇನೇ?" ಎಂದರು ಅವರು, ಕಿಟಕಿಯಾಚೆ ನೋಡುತ್ತಾ.

"ಯಾರಿಂದ ಯಾರಿಗೋ, ಆ ಸಿರಿಂಜನ್ನೇ ಕೇಳ್ಬೇಕು. ಈಗ ಅದೆಲ್ಲ ಬ್ಯಾಡ. ನಾಳೆ ಹೋಗಿ ಮಾತ್ರೆ ತರೋಣ."

"ಹೂಂ," ಅಂದರು. ಅವರು ಹೆಂಡತಿಯ ತೀರ್ಮಾನ ಒಪ್ಪಿದ್ದನ್ನು ದಾಕ್ಷಾಯಣಮ್ಮ ಕಂಡದ್ದು ಅದೇ ಮೊದಲು.

ಅಂದು ಕಾಮಾಕ್ಷಮ್ಮ ತಮ್ಮನಿಗೆ ಬೇರೆ ತಟ್ಟೆ ಹುಡುಕತೊಡಗಿದಾಗ ತೀರ್ಥಪ್ಪನವರು, "ಅಕ್ಕಾ, ಅದು ಊಟದಿಂದ ಬರಲ್ಲ, ರಕ್ತದಿಂದ ಬರೋದು" ಎಂದು ಬಹಳ ತಾಳ್ಮೆಯಿಂದ ತಿಳಿಹೇಳಿದರು. ವಿಜ್ಞಾನ ಆ ಮನೆಗೆ ಬರುವುದು ತಡವಾದರೂ ಸರಿಯಾದ ಊಟದ ಹೊತ್ತಿಗೆ ಬಂದಿತ್ತು. ದಾಕ್ಷಾಯಣಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಹೋಗಿ ನಿಂತಳು.

ಅವಳ ಕಣ್ಣಿನ ಆಪರೇಷನ್ ಆಯಿತು. ತೀರ್ಥಪ್ಪನವರು ಮಾತ್ರೆ ಮುಗಿಸಿದರು. ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ವೈರಸ್ ಇರಲಿಲ್ಲ. ಈಗ ಯೂರಿಯಾ ಕೇಳಿ ಬಂದವರೆಲ್ಲ ಲಿವರ್ ಬಗ್ಗೆ ಪಾಠ ಕೇಳಿಯೇ ಹೋಗಬೇಕು. "ಟೆಸ್ಟ್ ಮಾಡಿಸೋಣ ಅಂತ ನಾನೇ ಹಟ ಹಿಡ್ದೆ ಕಣ್ರೀ" ಎಂದು ಅವರು ಹೇಳುವುದು ಒಳಗಿನವರೆಗೂ ಕೇಳಿಸುತ್ತದೆ.

ಒಂದು ದಿನ ಆ ಪಾಠ ನಡೆಯುತ್ತಿದ್ದಾಗ ಕಾಮಾಕ್ಷಮ್ಮ ಒಲೆಯ ಮುಂದಿದ್ದ ದಾಕ್ಷಾಯಣಮ್ಮನ ಪಕ್ಕ ಬಂದು ನಿಂತರು. ಎಂದೂ ಇಲ್ಲದ ಮೆಲುದನಿ.

"ಬಾಣಂತನಕ್ಕೆ ಇಲ್ಲಿಗೆ ಬಂದಾಗ ನಂಗೂ ಆ ತಿಮ್ಮರಾಯಪ್ಪನೇ ಸೂಜಿ ಚುಚ್ಚಿದ್ದ ಕಣೇ."

ದಾಕ್ಷಾಯಣಮ್ಮ ಒಲೆ ಆರಿಸಿದಳು. "ಸೀರೆ ಬದಲಾಯಿಸ್ಕಳಿ ಅತ್ತಿಗೆ. ತರೀಕೆರೆ ಬಸ್ಸು ಇನ್ನೂ ಹೋಗಿಲ್ಲ."