ಹೋದ ವರ್ಷದ ಪ್ರಾಸ್ಪೆಕ್ಟಸ್

ಗೋವಿಂದಯ್ಯನವರ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಹೊಸದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಸಮಾಜಶಾಸ್ತ್ರ ಹೇಳುತ್ತಿದ್ದರು. ತಾವು ಎಂ.ಎ. ಮಾಡಿದ ಮೇಲೆ ಲೋಕದಲ್ಲಿ ಹೊಸದೇನೂ ನಡೆದಿಲ್ಲ ಎಂದೇ ಅವರ ನಂಬಿಕೆ. ಹೀಗಾಗಿ ಎಂಬತ್ತೊಂಬತ್ತರ ಜೂನ್‌ನಲ್ಲಿ ಶ್ರೀರಾಂಪುರದ ಕಡೆಯ ಹಟ್ಟಿಯಿಂದ ಬೊಮ್ಮಕ್ಕ ತನ್ನ ಅಪ್ಪ ಚಿತ್ರಲಿಂಗಪ್ಪನ ಜೊತೆ ಸಲಹೆ ಕೇಳಲು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಾಗ, ಅವರಿಗೆ ಒಳಗೊಳಗೇ ಹಿಗ್ಗಾಯಿತು. ಕೂತುಕೊಳ್ಳಿ ಎನ್ನಲಿಲ್ಲ.

ಬೊಮ್ಮಕ್ಕ ಆ ವರ್ಷವಷ್ಟೇ ಬಿ.ಎ. ಮುಗಿಸಿದ್ದಳು. ಸಮಾಜಶಾಸ್ತ್ರದಲ್ಲಿ ಶೇಕಡಾ ಅರವತ್ತಾರು, ಕಾಲೇಜಿಗೇ ಮೊದಲು. ಇಂಗ್ಲಿಷಿನಲ್ಲಿ ಮಾತ್ರ ಹೇಗೋ ಏದುಸಿರು ಬಿಟ್ಟು ಪಾಸಾಗಿದ್ದಳು. ಮನೆಯಲ್ಲಿ ಮಾತಾಗಿತ್ತು: ಈ ವರ್ಷ ಎಂ.ಎ. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಸೋದರಮಾವ ನಿಂಗಪ್ಪನೊಂದಿಗೆ ಮದುವೆ. ನಿಂಗಪ್ಪನಿಗೆ ಮೂವತ್ತೆಂಟು, ಮೊದಲ ಹೆಂಡತಿ ತೀರಿಕೊಂಡಿದ್ದಳು.

"ನಮಗೇನ್ ತಿಳಿತೈತೆ ಸಾರ್. ನೀವು ಎಲ್ಲಿಗೆ ಹಾಕು ಅಂತೀರೋ ಅಲ್ಲಿಗೆ ಹಾಕ್ತಾಳೆ," ಎಂದು ಚಿತ್ರಲಿಂಗಪ್ಪ ಕೈಮುಗಿದ.

ಹೊಸದಾಗಿ ಶುರುವಾಗಿದ್ದ ವಿಶ್ವವಿದ್ಯಾನಿಲಯದ ಪ್ರಾಸ್ಪೆಕ್ಟಸ್ ಅನ್ನು ಹುಡುಗಿಯೇ ಅಂಚೆಯಲ್ಲಿ ತರಿಸಿಕೊಂಡಿದ್ದಳು. ಅರ್ಜಿ ತುಂಬಿ, ಫೋಟೋ ಅಂಟಿಸಿ, ಸಹಿಯನ್ನೂ ಮಾಡಿ ತಂದಿದ್ದಳು. ಗೋವಿಂದಯ್ಯ ಬೀರು ತೆಗೆದು ತಾವು ಓದಿದ ಹಳೆಯ ವಿಶ್ವವಿದ್ಯಾನಿಲಯದ ಪ್ರಾಸ್ಪೆಕ್ಟಸ್ ಹುಡುಕಿ ತೆಗೆದರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬೆರಳಾಡಿಸುತ್ತ ಓದಿದರು. ಅಲ್ಲೂ ಸಮಾಜಶಾಸ್ತ್ರದ ಅಂಕವೇ ಲೆಕ್ಕ, ಇಲ್ಲೂ ಅದೇ. ಇಂಗ್ಲಿಷು ಪಾಸಾದರೆ ಸಾಕು.

"ಎರಡೂ ಒಂದೇ ಅಂದ್ಮೇಲೆ ನಿನ್ನೆ ಮೊನ್ನೆ ಬೋರ್ಡು ಹಾಕಿದ ಕಡೆ ಯಾಕೆ ಹೋಗ್ತಿ? ನಾನು ಓದಿದ ಕಡೆ ಹಾಕು."

ಬೊಮ್ಮಕ್ಕ ಹಳೆಯದರ ರಟ್ಟನ್ನು ನೋಡುತ್ತಿದ್ದಳು. "ಸಾರ್, ಇದು ಹೋದ ವರ್ಷದ್ದು."

"ವರ್ಷ ವರ್ಷ ಬದಲಾಗಾಕೆ ನಿಯಮ ಏನು ಬಸ್ ಟೈಮಾ?"

ಪಕ್ಕದ ಮೇಜಿನವರು ನಕ್ಕರು. ಚಿತ್ರಲಿಂಗಪ್ಪನೂ ಏನೆಂದು ತಿಳಿಯದೆ ನಕ್ಕ.

"ಎರಡೂ ಕಡೆ ಹಾಕ್ಲಾ ಸಾರ್?" ಎಂದು ಅವಳು ಮೆಲ್ಲಗೆ ಕೇಳಿದಳು.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅಂದಂಗಾಯ್ತು," ಎಂದು ಗೋವಿಂದಯ್ಯ ಅವಳು ತುಂಬಿ ತಂದ ಅರ್ಜಿಯನ್ನು ಮಡಚಿ ತಮ್ಮ ಡ್ರಾಯರಿಗೆ ಹಾಕಿಕೊಂಡರು. ಅಪ್ಪ ಮಗಳನ್ನು ಗದರಿಕೊಂಡು ಹೊರಗೆ ಕರೆದೊಯ್ದ.

ಆಗಸ್ಟಿನಲ್ಲಿ ಅವಳು ಒಬ್ಬಳೇ ಬಂದಳು. ಹಳೆಯ ವಿಶ್ವವಿದ್ಯಾನಿಲಯ ಆ ವರ್ಷ ನಿಯಮ ಬದಲಿಸಿತ್ತು: ಇಂಗ್ಲಿಷೂ ಸೇರಿ ಎಲ್ಲ ವಿಷಯ ಕೂಡಿಸಿ ಐವತ್ತು ಇರಬೇಕು. ಅವಳದು ನಲವತ್ತೊಂಬತ್ತು ಪಾಯಿಂಟ್ ಎರಡು. ಗುಮಾಸ್ತರು ಆ ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಜಿ ವಾಪಸ್ ಕೊಟ್ಟಿದ್ದರು. ಅಷ್ಟು ಹೊತ್ತಿಗೆ ಹೊಸದರ ಕೊನೆಯ ದಿನಾಂಕ ಮುಗಿದು ತಿಂಗಳಾಗಿತ್ತು.

ಗೋವಿಂದಯ್ಯನವರಿಗೆ ನಾಚಿಕೆಯಾಯಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಆಯಿತು. ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ, ಸಿಟ್ಟಾಗಿ ಹೊರಗೆ ಬಂತು.

"ಇಂಗ್ಲಿಷು ನೆಟ್ಟಗೆ ಓದಿದ್ರೆ ಈ ಗತಿ ಬರ್ತಿತ್ತಾ?"

"ಹೊಸದಕ್ಕೂ ಹಾಕಿದ್ರೆ..."

"ಹಾಕಬೇಡ ಅಂತ ನಾನೇನ್ ಕೈ ಹಿಡ್ಕಂಡಿದ್ನಾ?"

ಕೈ ಹಿಡಿದಿರಲಿಲ್ಲ, ನಿಜ. ಅವಳ ಅರ್ಜಿ ಇನ್ನೂ ಅವರ ಮೊಣಕಾಲಿನ ಪಕ್ಕದ ಡ್ರಾಯರಿನಲ್ಲೇ ಇತ್ತು. ಅವಳು ಅದನ್ನು ಕೇಳಲಿಲ್ಲ. ನಮಸ್ಕಾರ ಮಾಡಿ ಹೋದಳು. ಹದಿನೈದು ದಿನಕ್ಕೆ ನಿಂಗಪ್ಪನೊಂದಿಗೆ ಮದುವೆಯಾಯಿತು.

ಮುಂದಿನ ವಾರ ಜಂಬಣ್ಣ ಪೇಡದ ಪೊಟ್ಟಣ ಹಿಡಿದು ಬಂದ. ಬೊಮ್ಮಕ್ಕನ ಸಹಪಾಠಿ, ಸಮಾಜಶಾಸ್ತ್ರದಲ್ಲಿ ಐವತ್ತೆಂಟು. ಯಾರನ್ನೂ ಕೇಳದೆ ಹೊಸ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದ್ದ, ಸೀಟು ಸಿಕ್ಕಿತ್ತು. "ಬೊಮ್ಮಕ್ಕನಿಗೆ ನನಗಿಂತ ಜಾಸ್ತಿ ಇತ್ತಲ್ಲ ಸಾರ್, ಅವಳ್ಯಾಕೆ ಬರ್ಲಿಲ್ಲ?"

ಪೇಡ ಬಾಯಲ್ಲಿತ್ತು. ಗೋವಿಂದಯ್ಯ ನುಂಗಿಕೊಂಡು, "ಅವರ ಮಂದಿ ಕಳಿಸ್ಬೇಕಲ್ಲಪ್ಪ," ಎಂದರು.

ಹೇಳಿದ ಮೇಲೆ ಆ ಮಾತು ಅವರಿಗೇ ಹಿಡಿಸಿತು. ಪ್ರಿನ್ಸಿಪಾಲರು ಕೇಳಿದಾಗ ಅದಕ್ಕೆ ಇನ್ನೊಂದಿಷ್ಟು ಸೇರಿಸಿದರು: ತಾವೇ ಹಟ್ಟಿಗೆ ಹೋಗಿ ಬುದ್ಧಿ ಹೇಳಿದ್ದರಂತೆ, ಅಪ್ಪ ಕೇಳಲಿಲ್ಲವಂತೆ. ದಸರಾ ಕಳೆಯುವ ಹೊತ್ತಿಗೆ ತಾವು ಹೋಗಿದ್ದ ಹಟ್ಟಿಯ ದಾರಿಯೂ ಅವರ ಕಣ್ಣಿಗೆ ಕಟ್ಟುತ್ತಿತ್ತು. ಮನುಷ್ಯ ತನಗೆ ತಾನೇ ಮಾಡಿಕೊಳ್ಳುವ ಉಪಕಾರಕ್ಕೆ ಮಿತಿಯೇ ಇಲ್ಲ ನೋಡಿ.

ನವೆಂಬರಿನಲ್ಲಿ ಮೊದಲ ಬಿ.ಎ. ತರಗತಿಗೆ ಸ್ತ್ರೀ ಶಿಕ್ಷಣದ ಪಾಠ ಬಂತು.

"ಬರಕಳ್ರಿ," ಎಂದು ಗೋವಿಂದಯ್ಯ ನೋಟ್ಸ್ ಹೇಳತೊಡಗಿದರು. "ಹಿಂದುಳಿದ ಸಮುದಾಯಗಳಲ್ಲಿ ಪ್ರತಿಭಾವಂತ ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ಪೋಷಕರ ಅಜ್ಞಾನವೇ ಮುಖ್ಯ ಅಡ್ಡಿ. ಉದಾಹರಣೆಗೆ, ಶ್ರೀರಾಂಪುರ ಹೋಬಳಿಯ ಕುರಿಗಾಹಿ ಕುಟುಂಬದ ಬೊಮ್ಮಕ್ಕ ಅರವತ್ತಾರು ಅಂಕ ಪಡೆದರೂ, ಅಧ್ಯಾಪಕರು ಎಷ್ಟೇ ತಿಳಿಹೇಳಿದರೂ, ತಂದೆ ಸೀಟಿಗೆ ಅರ್ಜಿ ಹಾಕಲು ಬಿಡದೆ ಮದುವೆ ಮಾಡಿದರು."

ಎರಡನೇ ಬೆಂಚಿನಲ್ಲಿ ಒಂದು ಪೆನ್ನು ನಿಂತಿತ್ತು. ನಾಗಕ್ಕ ಎಂಬ ಹುಡುಗಿ. ಬೊಮ್ಮಕ್ಕನ ಒಡಹುಟ್ಟಿದ ತಂಗಿ ಎಂಬುದು ಹಾಜರಿ ಪುಸ್ತಕದಲ್ಲೇ ಇತ್ತು, ತಂದೆ ಚಿತ್ರಲಿಂಗಪ್ಪ ಎಂದು. ಐದು ತಿಂಗಳು ಹಾಜರಿ ಕೂಗಿದ ಗೋವಿಂದಯ್ಯನವರಿಗೆ ಅದು ಹೊಳೆದದ್ದು ಈಗ, ಅವಳ ಮುಖ ನೋಡಿದಾಗ. ಅಳಿಸಿಬಿಡಿ ಎನ್ನಬಹುದಿತ್ತು.

"ಯಾಕಮ್ಮ, ಪೆನ್ ಓಡ್ತಿಲ್ವಾ?" ಎಂದರು.

ಅವಳು ಎದ್ದು ನಿಂತಳು. ತರಗತಿಯೆಲ್ಲ ತಿರುಗಿ ನೋಡಿತು.

"ಸಾರ್, ಹೆಸರೂ ಬರೀಬೇಕಾ?"

ಗೋವಿಂದಯ್ಯನವರಿಗೆ ಹೋದ ಜೀವ ಬಂದಂತಾಯಿತು. "ಬ್ಯಾಡ, ಬ್ಯಾಡ. ಒಬ್ಬ ವಿದ್ಯಾರ್ಥಿನಿ ಅಂತ ಬರಕ, ಸಾಕು. ಐದು ಮಾರ್ಕ್ಸಿಗೆ ಬರ್ತೈತೆ."

ನಾಗಕ್ಕ ಕೂತು, ಅಕ್ಕನ ಹೆಸರು ಹೊಡೆದು ಹಾಕಿ, ಒಬ್ಬ ವಿದ್ಯಾರ್ಥಿನಿ ಎಂದು ಬರೆದಳು.