ನಾಲ್ಕನೆಯ ಎಚ್ಚರಿಕೆ

ನಮ್ಮ ಯಜಮಾನರಿಗೆ ಕೂಗಲು ಬರುವುದಿಲ್ಲ. ದಾಸನಕೊಪ್ಪದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಯಾರಿಗೂ ಕೇಳದು, ಹಾಗಾಗಿ ಮೊದಲಿನಿಂದಲೂ ಅವರದು ಕೈಸನ್ನೆಯ ವ್ಯಾಪಾರ. ಮನೆಗೆ ಬಂದರೂ ಅದೇ. ಬಡಿಸು ಅನ್ನುವುದಕ್ಕೊಂದು ಸನ್ನೆ, ಸಾಕು ಅನ್ನುವುದಕ್ಕೊಂದು ಸನ್ನೆ. ದೇವರು ಬಾಯಿ ಕೊಟ್ಟಿದ್ದು ಬರೀ ಉಣ್ಣಲಿಕ್ಕೇನು ಎಂದು ನಾನು ಎಷ್ಟು ರೇಗಿದ್ದೇನೋ ಲೆಕ್ಕವಿಲ್ಲ. ಅವರು ನಕ್ಕುಬಿಡುತ್ತಾರೆ. ನಕ್ಕರೆ ನನ್ನ ಸಿಟ್ಟು ಇಳಿದುಹೋಗುತ್ತದೆ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.

ಇಂಥ ಮನುಷ್ಯ ಗೃಹರಕ್ಷಕ ದಳ ಸೇರಿದ್ದಾರೆ ನೋಡಿ! ಪರೇಡಿನ ದಿನ ಖಾಕಿ ಹಾಕಿಕೊಂಡು ಶಿರಸಿ ಬಸ್ಸು ಹತ್ತುತ್ತಾರೆ. ಚುನಾವಣೆಯ, ಗಣಪತಿ ಮೆರವಣಿಗೆಯ ಬಂದೋಬಸ್ತಿಗೆ ನಿಲ್ಲುತ್ತಾರೆ. ನಮ್ಮ ಕಡೆಯ ತುಕಡಿಗೆ ಮುಂದಾಳಾಗಬೇಕೆಂಬುದು ಅವರ ಒಂದೇ ಆಸೆ. ಅದಕ್ಕೆ ಗಲಭೆ ಹತ್ತಿಕ್ಕುವ ಅಭ್ಯಾಸದಲ್ಲಿ ತುಕಡಿ ನಡೆಸಿ ತೋರಿಸಬೇಕು. ಎರಡು ಸಲ ಹೋಗಿ ಎರಡು ಸಲವೂ ಫೇಲು. ಆಜ್ಞೆ ಕೊಡುವ ಹೊತ್ತಿಗೆ ದನಿ ಹೊರಡಲೇ ಇಲ್ಲವಂತೆ. ಇದು ಮೂರನೇ ಸಲ. ಮುಂದಿನ ವರ್ಷ ವಯಸ್ಸು ಮೀರುತ್ತದೆ, ಮತ್ತೆ ಕೇಳುವ ಹಾಗಿಲ್ಲ.

"ಯಾಕ ಬೇಕ್ರಿ ಈ ಉಸಾಬರಿ? ಗಿರಣಿ ಸಾಲಂಗಿಲ್ಲೇನು?" ಎಂದು ಕೇಳಿದ್ದೆ.

"ನಾಳಿ ಊರಾಗ ಏನರ ಗದ್ಲಾತಂದ್ರ ಹೊರಗಿನವರು ಬಂದು ಮುಂದ ನಿಂದಿರತಾರ. ಯಾರ ಮನಿ ಹುಡುಗ ಯಾವನಂತ ಅವ್ರಿಗೇನು ಗೊತ್ತು? ಬಡದು ಹೋಗತಾರ. ನಾ ನಿಂತ್ರ ಬಡಿಯೂ ಹೊತ್ತ ಬರಂಗಿಲ್ಲ."

ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಈ ಸಲ ಇವರನ್ನು ಪಾಸು ಮಾಡಿಸಿಯೇ ಬಿಡುತ್ತೇನೆ ಎಂದುಕೊಂಡೆ.

ಅಭ್ಯಾಸ ನಮ್ಮೂರ ಸಂತೆ ಮೈದಾನದಲ್ಲೇ ನಡೆಯುವುದೆಂದಾಯಿತು. ಗಲಭೆ ಎಬ್ಬಿಸಲು ಗುಂಪು ಬೇಕಲ್ಲ, ನಮ್ಮ ಸ್ತ್ರೀಶಕ್ತಿ ಸಂಘದವರನ್ನೂ ಅಂಗಡಿಗಳವರನ್ನೂ ಕರೆದರು. ನಮ್ಮತ್ತೆ ಅನ್ನಪೂರ್ಣವ್ವ ಕರೆಯದೆಯೇ ಬಂದಿದ್ದರು. ಪರೀಕ್ಷೆ ಮಾಡಲು ಕಾರವಾರದಿಂದ ಬಂದ ಸುಬ್ಬಲಕ್ಷ್ಮಿ ಮೇಡಂ, "ಇಲ್ಲಿ ಎಲ್ಲರಿಗಿಂತ ದೊಡ್ಡ ದನಿ ಯಾರದು?" ಎಂದು ಕೇಳಿದ್ದೇ ತಡ, ಇಡೀ ಊರು ನನ್ನ ಕಡೆ ಕೈ ತೋರಿಸಿತು. ನಾಚಿಕೆಯಾದರೂ ಇರಬಾರದೇ ಈ ಜನಕ್ಕೆ! ಹೀಗೆ ನಾನು ಗಲಭೆಯ ಮುಖಂಡಳಾದೆ.

ಮೇಡಂ ನಿಯಮ ಬಿಡಿಸಿ ಹೇಳಿದರು. ಗುಂಪಿನವರು ಕಲ್ಲಿನ ಬದಲು ಬಟ್ಟೆಯುಂಡೆ ಎಸೆಯಬೇಕು, ತುಕಡಿ ನಡೆಸುವವರ ಹೆಸರು ಹಿಡಿದು ಧಿಕ್ಕಾರ ಕೂಗಬೇಕು. ನಡೆಸುವವರು ಗುಂಪಿನ ಮುಖಂಡರನ್ನು ಹೆಸರು ಹಿಡಿದು ಕರೆದು ಮೂರು ಸಲ ಎಚ್ಚರಿಕೆ ಕೊಡಬೇಕು. ಲಾಠಿ ಎತ್ತದೆ ಗುಂಪು ಪೂರ್ತಿ ಚದುರಿದರೆ ಪಾಸು.

ಕೇಳಲು ಸುಲಭ. ಆದರೆ ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯ ಶಾಸ್ತ್ರ. ಗಂಡನೂ ಹೆಂಡತಿಯ ಹೆಸರು ಕರೆಯುವುದಿಲ್ಲ. ಅವರಿಗೆ ನಾನು "ಇಕಿ", ಕೇರಿಯವರಿಗೆ ಮಗಳ ಹೆಸರಿನಿಂದ "ಸ್ಫೂರ್ತಿ ಅವ್ವ", ಸಂಘದಲ್ಲಿ "ಗಿರಣಿಯಕ್ಕ". ತವರು ಬಿಟ್ಟ ಮೇಲೆ ನನ್ನ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಅಪ್ಪ ಅಂಗಳದಲ್ಲಿ ನಿಂತು ದನಿ ಎಳೆದು ಆ ಹೆಸರು ಕರೆಯುತ್ತಿದ್ದ, ಅವನೂ ಹೋದ.

ಸೀಟಿ ಊದಿದರು. ತುಕಡಿ ಸಾಲಾಗಿ ನಿಂತಿತು, ಮುಂದೆ ನಮ್ಮವರು. ನಾನು ಕೈಯೆತ್ತಿ, "ಅವರಿಗೆ ಧಿಕ್ಕಾರಾ!" ಎಂದೆ.

"ಅವರಿಗೆ ಅಂದರೆ ಯಾರಿಗೆ?" ಎಂದರು ಮೇಡಂ.

"ಅವ್ರಿಗೇ ರೀ, ಅಲ್ಲಿ ನಿಂತಾರಲ್ಲ!"

ಮೈದಾನವೆಲ್ಲ ನಗು. ನಮ್ಮವರು ಗಂಟಲು ಸರಿಮಾಡಿಕೊಂಡು, "ಏ... ಕೇಳ್ತೈತೇನು..." ಎಂದರು. ನನಗೇ ಸರಿಯಾಗಿ ಕೇಳಲಿಲ್ಲ. ಯಾರೋ ಎಸೆದ ಬಟ್ಟೆಯುಂಡೆ ಅವರ ಟೋಪಿ ಹಾರಿಸಿತು.

ಮೇಡಂ ಸಿಡಿದರು. "ಇದು ಗಲಭೆನೋ, ನಿಮ್ಮ ಅಡುಗೆಮನೆನೋ? ಇನ್ನೊಂದು ಅವಕಾಶ ಕೊಡ್ತೇನೆ, ಅಷ್ಟೇ."

ಟೋಪಿ ಎತ್ತಿಕೊಂಡ ಅವರು ನನ್ನ ಕಡೆ ನೋಡಿ, ಅಂಗೈ ಕೆಳಗೆ ಮಾಡಿ ತೋರಿಸಿದರು. ಗಿರಣಿ ನಿಲ್ಲಿಸು ಅನ್ನುವ ಸನ್ನೆ ಅದು. ಬಿಟ್ಟುಬಿಡು, ಆಗಲಿಲ್ಲ ನನ್ನಿಂದ ಎಂದು ಅದರ ಅರ್ಥ. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ವರ್ಷದ ಆಸೆಯನ್ನು ಒಂದು ಅಂಗೈಯಲ್ಲಿ ನಿಲ್ಲಿಸಿಬಿಡುವುದೇ?

ಅತ್ತೆ ನನ್ನ ಸೆರಗು ಜಗ್ಗಿ, "ಒಡಪಿನಾಗ ಹೇಳವಾ. ಒಡಪಿನಾಗ ಹೇಳಿದ್ರ ದೋಷಿಲ್ಲ" ಎಂದರು.

ಹೌದಲ್ಲ! ಮದುವೆಯಲ್ಲಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಯೇ ನಾನು ಅತ್ತೆಮನೆಯ ಹೊಸ್ತಿಲು ದಾಟಿದ್ದು. ಅಲ್ಲೇ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್ ಹತ್ತಿದೆ. ಸೆರಗು ಸಿಕ್ಕಿಸಿ, ಮದುವೆಯಲ್ಲಿ ಹೇಳಿದ ರಾಗದಲ್ಲೇ ಒದರಿದೆ:

"ಗಿರಣ್ಯಾಗ ಬೀಳತೈತಿ ಗೋದಿಯ ಹಿಟ್ಟು,
ಖಾಕಿಯ ಪ್ಯಾಂಟಿಗೆ ಹೊಳಿಯೂ ಬೆಲ್ಟು,
ಬಾಯಿಗೆ ಬೀಗ ಹಾಕಿ, ಕೈಗೆ ಲಾಠಿ ಕೊಟ್ಟು
ನಿಲ್ಲಿಸ್ಯಾರ ಚನ್ನಬಸವರಾಯರನ್ನ, ಧಿಕ್ಕಾರಾ!"

"ಧಿಕ್ಕಾರಾ!" ಎಂದು ಊರು ಹುಚ್ಚೆದ್ದು ಕೂಗಿತು. ಉಂಡೆಗಳು ಮಳೆಯ ಹಾಗೆ ಬಿದ್ದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅತ್ತೆ, ಹೆತ್ತ ಮಗನಿಗೇ!

ಅವರ ಮುಖ ಕೆಂಪಾಯಿತು, ಕಿವಿಯವರೆಗೂ. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಮಹೇಶ್ವರೀ!"

ಅಷ್ಟು ದನಿ ಆ ಎದೆಯಲ್ಲಿ ಎಲ್ಲಿ ಅಡಗಿತ್ತೋ! ರಸ್ತೆಯಾಚೆ ಬನವಾಸಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿದರು. ಎತ್ತಿದ ಉಂಡೆಗಳು ಕೈಯಲ್ಲೇ ಉಳಿದವು. "ಇದು ಮೊದಲನೇ ಎಚ್ಚರಿಕಿ! ಹಿಂದ ಸರೀರಿ!" ಜನ ಒಂದೊಂದು ಹೆಜ್ಜೆ ಹಿಂದಿಟ್ಟರು. "ಮಹೇಶ್ವರಿ! ಎರಡನೇ ಎಚ್ಚರಿಕಿ!" ಅಂಗಡಿಯವರು ಉಂಡೆ ಕೆಳಗೆ ಹಾಕಿ ಹೊರಟರು, ಸಂಘದವರು ನಗುತ್ತ ಅವರ ಹಿಂದೆ ಹೋದರು. ಆಮೇಲೆ ಅವರು ಲಾಠಿ ಕಂಕುಳಲ್ಲಿಟ್ಟು ಟ್ರೇಲರ್ ಹತ್ತಿರ ಬಂದು, ಮೆತ್ತಗೆ ಅಂದರು: "ಮಹೇಶ್ವರಿ, ಇದು ಮೂರನೇದು. ಬಿಸಲು ಭಾಳ ಐತಿ. ಇಳಿ, ಮನಿಗೆ ಹೋಗೂಣು."

ಅತ್ತೆಯೂ ಹೊರಟರು. ಮೈದಾನ ಖಾಲಿಯಾಯಿತು. ನಾನು ಮಾತ್ರ ನಿಂತೇ ಇದ್ದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ, ಕಾಲು ಕೀಳಲು ಮನಸ್ಸೂ ಇರಲಿಲ್ಲ.

"ಮುಖಂಡರು ಇನ್ನೂ ಚದುರಿಲ್ಲವಲ್ಲ, ಪಾಸ್ ಹೇಗೆ ಮಾಡಲಿ?" ಎಂದರು ಮೇಡಂ.

"ಇನ್ನೊಂದು ಎಚ್ಚರಿಕಿ ಕೊಡಸ್ರಿ, ಇಳದು ಹೋಗತೇನಿ."

"ನಿಯಮದಲ್ಲಿ ಇರೋದು ಮೂರೇ ಅಮ್ಮಾ."

"ಹಂಗಾರ ನಾ ಕದಲಂಗಿಲ್ಲ!"

ನಮ್ಮವರು ಮೇಡಂ ಕಡೆ ನೋಡಿದರು. ಮೇಡಂ ನನ್ನ ಮುಖ ನೋಡಿ, ಏನು ತಿಳಿಯಿತೋ, ಸೀಟಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ನಮ್ಮವರು ನನಗೆ ಕೈ ಚಾಚಿ, ನಮ್ಮಪ್ಪನ ಹಾಗೆಯೇ ದನಿ ಎಳೆದು, ನಾಲ್ಕನೇ ಸಲ ನನ್ನ ಹೆಸರು ಕರೆದರು. ನಾನು ಇಳಿದೆ.