ಹೊರಡುವವರ ಕುಂಕುಮ

ಸ್ವೆಟರ್ರೇ ಅದು, ಮೊಣಕಾಲಿಗೆ ಒತ್ತುತ್ತಿರುವುದು ಸ್ವೆಟರ್ರೇ, ಬ್ಯಾಗಿನ ಬಟ್ಟೆಯೊಳಗಿಂದಲೂ ಆ ಉಣ್ಣೆಯ ಗಂಟುಗಂಟು ಕವನಳಿಗೆ ಗೊತ್ತಾಗುತ್ತದೆ, ಶಿವರಾತ್ರಿ ಕಳೆದ ಮೇಲಿನ ಈ ಬಿಸಿಲಲ್ಲಿ, ಒಂದು ರಾತ್ರಿ ಇದ್ದು ನಾಳೆ ವಾಪಸ್ಸು ಬರುವ ಊರಿಗೆ ಸ್ವೆಟರ್ ಯಾಕೆ — ಅವ್ವ ತನ್ನದೊಂದು ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಾಳೆ, ಪ್ರೇಮಣ್ಣ ಮತ್ತು ಅರ್ಪಿತ ಅತ್ತಿಗೆಯದು ಪಾಪುವಿನ ಬಟ್ಟೆಯೂ ಸೇರಿ ಒಂದು ಪುಟ್ಟ ಚೀಲ, ತನ್ನ ಬ್ಯಾಗು ಮಾತ್ರ ಜಿಪ್ಪು ಬಿರಿಯುವ ಹಾಗೆ ತುಂಬಿದೆ, ತುಂಬಿದವಳು ತಾನಲ್ಲ, ಅವ್ವ. ಕಾರು ನಂಜನಗೂಡು ಬಿಟ್ಟಾಗ ಕಾಲಿನ ಬೆರಳಲ್ಲಿ ಶುರುವಾದ ಜೋಮು ಈಗ ಮಂಡಿಗೆ ಬಂದಿದೆ, ಬ್ಯಾಗನ್ನು ಒಂದಿಷ್ಟು ಆ ಕಡೆ ಸರಿಸಿದರೆ ಸಾಕು, ಆದರೆ ಸರಿಸಿದರೆ ಅವ್ವ ತಿರುಗಿ ನೋಡುತ್ತಾಳೆ, ನೋಡಿದರೆ ಬ್ಯಾಗಿನ ಮಾತು ಬರುತ್ತದೆ, ಬೇಡ, ಇರಲಿ, ಜೋಮು ಹಿಡಿದ ಕಾಲು ನೋಯುವುದಿಲ್ಲ, ಅದು ಯಾರದೋ ಕಾಲಿನ ಹಾಗೆ ಸುಮ್ಮನೆ ಇರುತ್ತದೆ. ಮುಂದಿನ ಸೀಟಿನಿಂದ ಅತ್ತಿಗೆ ಅಣ್ಣನ ಕಡೆ ಬಾಗಿ, ಹೇಳಿದ್ರಾ ಅವ್ಳಿಗೆ, ಅಂದಳು, ಅಣ್ಣ ಹಾಡಿನ ಸದ್ದು ಜಾಸ್ತಿ ಮಾಡಿದ, ಪಕ್ಕದಲ್ಲಿದ್ದ ಅವ್ವ, ಅಲ್ಲೋದ್ಮೇಲೆ ಯೋಳನ ಸುಮ್ಕಿರವ್ವ, ಅಂದಳು. ಕವನ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣು ಮುಚ್ಚಿಕೊಂಡವಳು ನಿದ್ದೆ ಮಾಡುತ್ತಿದ್ದಾಳೆ ಎಂದು ಮನೆಯವರು ನಂಬುತ್ತಾರೆ, ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಡಿಸುವ ಮಾತನ್ನೂ ಅವಳು ಹೀಗೆಯೇ ಕೇಳಿಸಿಕೊಂಡದ್ದು.

ಹೇಳಬೇಕಾದದ್ದು ಅವಳ ಹತ್ತಿರವೂ ಇತ್ತು, ನಿನ್ನೆಯಿಂದ ಬಾಯಲ್ಲೇ ಇತ್ತು — ಗುರುಬಸಮ್ಮನವರ ಟೈಲರಿಂಗ್ ಅಂಗಡಿಯಲ್ಲಿ ನಿನ್ನೆ ಕೊನೆಯ ಬ್ಲೌಸಿಗೆ ಹುಕ್ಸು ಹಾಕಿ ದಾರ ಕಚ್ಚಿ ತುಂಡು ಮಾಡುವಾಗ ಅವರು ಕತ್ತರಿ ಕೆಳಗಿಟ್ಟು, ಕಿಟಕಿ ಪಕ್ಕದ ಮಿಷನ್ನು ಸೋಮವಾರದಿಂದ ನಿಂದು ಕಣಮ್ಮ, ಇನ್ನೂ ಎಷ್ಟು ದಿನ ಹುಕ್ಸು ಹಾಕ್ಕೊಂಡು ಮೂಲೇಲಿ ಕೂತಿರ್ತೀಯ, ಬೆಳಿಗ್ಗೆ ಬಂದು ನೀನೇ ಒರೆಸಿ ಎಣ್ಣೆ ಬಿಡು, ಬರಲಿಲ್ಲ ಅಂದ್ರೆ ನಾನಂತೂ ಕಾಯಲ್ಲ, ಮದುವೆ ಸೀಸನ್ನು, ಬೇರೆಯವರನ್ನ ಕೂರಿಸ್ತೀನಿ, ಅಂದಿದ್ದರು. ಆ ಮಿಷನ್ನಿನ ಮೇಲೆ ಹಳೆಯ ದಿಂಬಿನ ಕವರು ಹೊದಿಸಿದೆ, ಕವರಿನ ಮೇಲೆ ಮಾಸಿದ ಗುಲಾಬಿ ಹೂವು. ಆ ಮಾತನ್ನು ಎಲ್ಲೂ ಚೆಲ್ಲದ ಹಾಗೆ ಹೊತ್ತುಕೊಂಡು ಮನೆಗೆ ಬಂದರೆ ಅವ್ವ ಮಂಚದ ಮೇಲೆ ಸ್ವೆಟರ್ ಮಡಚುತ್ತ ಕೂತಿದ್ದಳು. ನರಸೀಪುರದ ಸೇತುವೆ ಬಂತು, ಅವ್ವ ಹೊಳೆಗೆ ಕೈ ಮುಗಿದಳು, ಸೇತುವೆ ದಾಟಿದ ಮೇಲೆ ಹೇಳೋಣ ಎಂದು ಕವನ ಅಂದುಕೊಂಡಿದ್ದಳು, ಅವ್ವಾ ಸೋಮವಾರದಿಂದ ನಂಗೆ ಮಿಷನ್ ಕೊಡ್ತಾರಂತೆ, ಇಷ್ಟೇ, ಚಿಕ್ಕ ಮಾತು, ಸೇತುವೆ ದಾಟಿತು, ಪೆಟ್ರೋಲ್ ಬಂಕ್ ದಾಟಿತು, ಎಳನೀರು ಮಾರುವವನ ಗಾಡಿ ದಾಟಿತು, ಬನ್ನೂರಿನ ರಸ್ತೆಗೆ ತಿರುಗಿ ಎರಡೂ ಕಡೆ ಕಬ್ಬು ಶುರುವಾಯಿತು, ಇನ್ನು ದೊಡ್ಡವ್ವನ ಊರೇ.

ದೊಡ್ಡವ್ವ, ಅವ್ವನ ಅಕ್ಕ ಮರಿತಾಯಮ್ಮ, ಅಂದರೆ ಕವನಳಿಗೆ ಮೊದಲು ನೆನಪಿಗೆ ಬರುವುದು ಒಂದು ಹೆಬ್ಬೆರಳು. ಬೇಸಿಗೆ ರಜೆಗೆ ಇವಳೊಬ್ಬಳನ್ನೇ ಬಿಟ್ಟು ಅವ್ವ ವಾಪಸ್ಸು ಹೊರಟಾಗ ದೊಡ್ಡವ್ವ ಕುಂಕುಮದ ಬಟ್ಟಲು ತರುತ್ತಿದ್ದಳು, ಅವ್ವನ ಹಣೆಗೆ ಇಡುತ್ತಿದ್ದಳು, ಚಿಕ್ಕವಳಾದ ಇವಳೂ ಮುಂದೆ ನುಗ್ಗಿ ಹಣೆ ಒಡ್ಡಿದರೆ, ಓಗೋರ್ಗೆ ಕಣಮ್ಮಿ ಕುಂಕ್ಮ, ಇರೋರ್ಗಲ್ಲ, ನೀನು ನಂತಾವೇ ಇರ್ತೀಯಲ್ಲ, ಎಂದು ನಗುತ್ತ ಬಟ್ಟಲನ್ನು ಮೇಲೆತ್ತಿಕೊಳ್ಳುತ್ತಿದ್ದಳು. ರಜೆ ಮುಗಿದು ಇವಳು ಹೊರಡುವ ದಿನ ಮಾತ್ರ ಆ ಹೆಬ್ಬೆರಳು ಬರುತ್ತಿತ್ತು, ಕಳೆ ಕಿತ್ತು ಕಿತ್ತು ಒರಟಾದ ಅಗಲವಾದ ಹೆಬ್ಬೆರಳು, ಬಟ್ಟಲಲ್ಲಿ ಅದ್ದಿ ಹಣೆಯ ನಡುವೆ ಒತ್ತಿ, ತಲೆ ಹಿಂದಕ್ಕೆ ವಾಲುವಷ್ಟು ಒತ್ತಿ, ಓಗ್ಬುಟ್ಟು ಬಾ, ಅನ್ನುತ್ತಿತ್ತು, ಬಸ್ಸಿಳಿದು ಮನೆ ಸೇರಿದರೂ ಹಣೆ ಬಿಸಿಯಾಗಿಯೇ ಇರುತ್ತಿತ್ತು. ಈ ಸಂಕ್ರಾಂತಿಗೆ ಮುಂಚೆ ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು, ಈಗ ಕಾರಿನ ಡಿಕ್ಕಿಯಲ್ಲಿ ಅವಳಿಗೆಂದು ತಂದ ವಾಟರ್ ಬೆಡ್ ಇದೆ, ಬೆನ್ನು ಹುಣ್ಣಾಗಬಾರದೆಂದು.

ಕಾರಿನಿಂದ ಇಳಿದರೆ ಜೋಮಿನ ಕಾಲು ನೆಲ ಸಿಗದೆ ಎಡವಿತು. ದೊಡ್ಡವ್ವನ ಮಗ ನಟರಾಜಣ್ಣ ಬ್ಯಾಗು ಈಸಿಕೊಂಡು, ಏನಮ್ಮಿ ಇದು ಕಲ್ಲು ತುಂಬ್ಕೊಂಡು ಬಂದಿದ್ದೀಯಾ, ಅಂದ, ಇವಳು ಜೋಮಿನ ಕಾಲನ್ನು ನೆಲಕ್ಕೆ ಒತ್ತಿದಳು, ಬಾಯೊಳಗೆ ಮುತ್ತು ಮಡ್ಗಿದ್ದೀಯಾ, ತಗುದ್ರೆ ಉದ್ರೋದಾವಾ, ಅಂದ, ಎಲ್ಲರೂ ನಕ್ಕರು, ಇವಳೂ ನಕ್ಕಳು. ನಡುಮನೆಯಲ್ಲಿ ಬುದ್ಧನ, ಬಾಬಾಸಾಹೇಬರ ಫೋಟೋಗಳ ಕೆಳಗೆ ದೊಡ್ಡವ್ವನ ಮಂಚ. ಅಣ್ಣ ಪೈಪು ಎಳೆದು ತಂದು ಹಾಸಿಗೆಗೆ ನೀರು ತುಂಬಿಸಿದ, ನಟರಾಜಣ್ಣ ತಾಯಿಯನ್ನು ಮಗುವಿನ ಹಾಗೆ ಎತ್ತಿ ಅದರ ಮೇಲೆ ಮಲಗಿಸಿ, ನೋಡವ್ವ ನಿನ್ ತಂಗಿ ಮಗ ಕಾವೇರಿ ಮೇಲೇ ಮಲ್ಗುಸ್ಬುಟ್ಟ, ರಾಣಿ ಕಣವ್ವ ನೀನು, ಅಂದ, ದೊಡ್ಡವ್ವನ ಬಾಯಿ ಎಡಕ್ಕೆ ಮಾತ್ರ ಅಲುಗಿತು. ಆಮೇಲೆ ನಟರಾಜಣ್ಣನ ಹೆಂಡತಿ ಮಾದೇವಿ ಕವನಳನ್ನು ಹಿತ್ತಿಲಿಗೆ ಕರೆದು ತೋರಿಸತೊಡಗಿದಳು, ಬಿಸಿನೀರು ಇದ್ರಲ್ಲಿ, ಒಗೆಯೋ ಬಟ್ಟೆ ಇಲ್ಲಿ, ಡೆಟಾಲು ಕಿಟ್ಕೀಲದೆ, ಗಂಜಿ ಎಡಗಡೆಯಿಂದ ಕುಡುಸ್ಬೇಕು ಕಣವ್ವ, ಬಲಗಡೆಯಿಂದ ಕುಡುಸುದ್ರೆ ಎಲ್ಲಾ ಸೋರೋಯ್ತದೆ — ಕವನ ಹೂಂ ಅನ್ನುತ್ತ ನೋಡುತ್ತಾಳೆ, ಒಂದು ರಾತ್ರಿಗೆ ಬಂದ ನೆಂಟರಿಗೆ ಡೆಟಾಲು ಇಟ್ಟಿರುವ ಜಾಗ ಯಾರೂ ತೋರಿಸುವುದಿಲ್ಲ. ನೀರಿನ ತೊಟ್ಟಿಯ ಆ ಕಡೆ ಹೋಗಿ ಮಾದೇವಿ ಅವ್ವನ ಹತ್ತಿರ ದನಿ ಇಳಿಸಿದಳು, ಆದರೂ ಕೇಳಿತು, ಸೋಮಾರದಿಂದ ಗಾರ್ಮೆಂಟ್ಸ್ ಬಸ್ಸು ಬೆಳಿಗ್ಗೇನೇ ಬತ್ತದೆ ಚಿಕ್ಕತ್ತೆ, ಮಿಷನ್ ಮೇಲೆ ಕೂರುಸ್ತಾರಂತೆ, ಒಳ್ಳೆ ಕೆಲ್ಸ, ಬುಟ್ರೆ ಸಿಕ್ಕಲ್ಲ, ಕವ್ನಂಗೇನೂ ತೊಂದ್ರೆ ಆಗಲ್ವಾ, ಅಂದಳು, ಅವ್ವ, ತೊಂದ್ರೆ ಏನವ್ವ, ಅವ್ಳೇನ್ ಇಸ್ಕೂಲಿಗೋಗ್ಬೇಕಾ ಆಪೀಸಿಗೋಗ್ಬೇಕಾ, ಉಕ್ಸು ಆಕೋ ಕೆಲ್ಸ ಎಲ್ಲಿಗೋಯ್ತದೆ, ನಮ್ಮಕ್ಕ ನನ್ನ ಎತ್ತಾಡ್ಸಿದೋಳು, ಅವ್ಳಿಗಲ್ದೆ ಇನ್ಯಾರ್ಗೆ ಮಾಡಾದು, ಅಂದಳು, ಅನ್ನುತ್ತ ಅವ್ವ ಮೂಗೆಳೆದುಕೊಂಡಳು, ಅದೂ ಕೇಳಿತು. ಹಾಗಾದರೆ ಮಾದೇವಿಗೂ ಸೋಮವಾರವೇ, ಮಾದೇವಿಗೂ ಮಿಷನ್ನೇ. ಕವನ ಸೋಪಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

ಸಂಜೆ ಗಂಜಿ ಅವಳೇ ಕುಡಿಸಿದಳು, ಎಡಗಡೆಯಿಂದ, ಚಮಚದಲ್ಲಿ. ಹೊರಗೆ ಜಗುಲಿಯ ಮೇಲೆ ಎಲ್ಲರೂ ಪಾಪುವನ್ನು ಕುಣಿಸುತ್ತಿದ್ದರು, ಒಳಗೆ ಯಾರೂ ಇರಲಿಲ್ಲ, ದೊಡ್ಡವ್ವನ ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು, ಆ ಹೆಬ್ಬೆರಳು ಅಲ್ಲೇ ಇತ್ತು, ಮುಟ್ಟಿ ನೋಡಿದರೆ ತಣ್ಣಗಿತ್ತು, ಒರಟೂ ಇರಲಿಲ್ಲ, ಕೆಲಸವಿಲ್ಲದೆ ನುಣುಪಾಗಿಬಿಟ್ಟಿತ್ತು. ಆಗ ಯಾಕೋ ಮಾತು ಬಾಯಿಂದ ಜಾರಿತು, ಮಾತಾಡಲಾರದವರ ಮುಂದೆ ಮಾತಾಡುವುದು ಸುಲಭ, ದೊಡ್ಡವ್ವಾ ಸೋಮವಾರದಿಂದ ನಂಗೆ ಮಿಷನ್ ಕೊಡ್ತಾರಂತೆ, ಕಿಟಕಿ ಪಕ್ಕದ್ದು, ಅಂದಳು, ಇನ್ನೊಂದು ಚಮಚ ಕುಡಿಸಿ, ನಾನು ಹೋಗ್ದಿದ್ರೆ ಬೇರೆಯವ್ರನ್ನ ಕೂರುಸ್ತಾರಂತೆ, ಅಂದಳು. ದೊಡ್ಡವ್ವ ನುಂಗಲಿಲ್ಲ. ಎಡಗಣ್ಣು ಇವಳ ಮುಖದ ಮೇಲೇ ನಿಂತಿತ್ತು, ಗಂಜಿ ತುಟಿಯಿಂದ ಗದ್ದಕ್ಕೆ ಇಳಿಯಿತು, ಇವಳು ಸೆರಗಿನಲ್ಲಿ — ಸೆರಗಲ್ಲ, ವೇಲಿನಲ್ಲಿ — ಒರೆಸಿದಳು, ಅಷ್ಟೇ.

ಭಾನುವಾರ ಬನ್ನೂರು ಕುರಿಯ ಸಾರು, ಮುದ್ದೆ. ಅವ್ವ ಒಳ್ಳೆಯ ತುಂಡು ಆರಿಸಿ ಆರಿಸಿ ಇವಳ ತಟ್ಟೆಗೆ ಹಾಕಿದಳು, ಆಮೇಲೆ ಹೇಳಿದಳು, ಎಲ್ಡು ತಿಂಗ್ಳು ಕಣಮ್ಮಿ, ಜಾಸ್ತಿ ಅಂದ್ರೆ ಮೂರು, ನಾನೇ ಬಂದು ಕರ್ಕೊಂಡೋಯ್ತೀನಿ. ಅಣ್ಣ ಫೋನು ನೋಡುತ್ತಿದ್ದ, ಅತ್ತಿಗೆ ಪಾಪುವಿನ ಬಾಯಿ ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. ಈಗ ಹೇಳಬಹುದಿತ್ತು. ನಾಲಿಗೆ ಎಲ್ಲಿದೆ ಎಂದು ಹುಡುಕಿದಳು, ನಿನ್ನೆ ಕಾರಿನಲ್ಲಿದ್ದ ಕಾಲಿನ ಹಾಗೆ ಇತ್ತು ಅದು, ಯಾರದೋ. ಹೂಂ, ಅಂದಳು. ನನ್ ಮಗ್ಳು ಯಾವತ್ತೂ ಇಲ್ಲ ಅಂದೋಳಲ್ಲ, ಅಂತ ಅವ್ವ ಮಾದೇವಿಗೆ ಹೇಳಿದಳು, ಮಾದೇವಿ ಇವಳ ಬೆನ್ನು ಸವರಿದಳು, ಮುದ್ದೆ ಮುರಿದು ನುಂಗಿದರೆ ಗಂಟಲಲ್ಲಿ ಇಳಿದದ್ದು ಗೊತ್ತಾಗಲಿಲ್ಲ.

ಬಿಸಿಲು ಇಳಿದ ಮೇಲೆ ಹೊರಟರು. ಮಾದೇವಿ ಕುಂಕುಮದ ಬಟ್ಟಲು ತಂದಳು, ಅದೇ ಹಿತ್ತಾಳೆಯ ಬಟ್ಟಲು, ಅವ್ವನ ಹಣೆಗೆ ಇಟ್ಟಳು, ಅತ್ತಿಗೆಯ ಹಣೆಗೆ ಇಟ್ಟಳು, ಪಾಪುವಿನ ಹಣೆಗೆ ಒಂದು ಚುಕ್ಕೆ, ಕವನ ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದಳು, ಸಾಲಿನಲ್ಲಿ ಮುಂದಿನವಳು ಅವಳೇ, ಕುಂಕುಮದ ಕೈ ಅವಳ ಮುಖದ ಮುಂದೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು, ಬಟ್ಟಲಿಗೆ ಮುಚ್ಚಳ ಬಿತ್ತು. ಆಗ ಮಂಚದಿಂದ ಸದ್ದು, ಹ್ಞಾ ಹ್ಞಾ ಎಂದು, ನೀರಿನ ಹಾಸಿಗೆ ಕುಲುಕುವ ಸದ್ದೂ. ದೊಡ್ಡವ್ವ ಎಡಗೈ ಎತ್ತಿದ್ದಾಳೆ, ಹೆಬ್ಬೆರಳು ಚಾಚಿದ್ದಾಳೆ, ಬಟ್ಟಲಿನ ಕಡೆ ತೋರಿಸುತ್ತಾಳೆ, ಕವನಳ ಹಣೆಯ ಕಡೆ ತೋರಿಸುತ್ತಾಳೆ, ಮತ್ತೆ ಬಟ್ಟಲು, ಮತ್ತೆ ಹಣೆ. ಮಾದೇವಿ ನಕ್ಕು, ಅವ್ಳು ಓಯ್ತಿಲ್ಲ ಕಣತ್ತೆ, ನಿಂತಾವೇ ಇರ್ತಾಳೆ, ಅವ್ಳಿಗ್ಯಾಕೆ ಕುಂಕ್ಮ, ಅಂದಳು, ಅವ್ವ, ನೋಡು ನಮ್ಮಕ್ಕಂಗೆ ಎಷ್ಟು ಕುಸಿ ಆಗದೆ, ಎಂದು ಕಣ್ಣೊರೆಸಿಕೊಂಡಳು, ಅಣ್ಣ ಹೊರಗಿನಿಂದ ಹಾರ್ನ್ ಮಾಡಿದ, ಎಲ್ಲರೂ ಚಪ್ಪಲಿ ಮೆಟ್ಟಿದರು, ಕಾರಿನ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು, ಕಬ್ಬಿನ ನಡುವೆ ಸದ್ದು ಸಣ್ಣದಾಯಿತು. ಕವನ ನಡುಮನೆಯಲ್ಲೇ ನಿಂತಿದ್ದಾಳೆ, ಗೋಡೆಯ ಗೂಡಿನಲ್ಲಿ ಬಟ್ಟಲಿದೆ, ಮುಚ್ಚಿದೆ, ಕೈಗೆ ಸಿಗುವಷ್ಟು ಹತ್ತಿರ, ಗುಲಾಬಿ ಹೂವಿನ ದಿಂಬಿನ ಕವರನ್ನು ನಾಳೆ ಯಾರು ಎತ್ತುತ್ತಾರೋ, ಮಿಷನ್ನಿಗೆ ಎಣ್ಣೆ ಯಾರು ಬಿಡುತ್ತಾರೋ, ಗಂಜಿಗೆ ನೀರಿಡಬೇಕು, ಎಡಗಡೆಯಿಂದ, ಡೆಟಾಲು ಕಿಟಕಿಯಲ್ಲಿ, ತಿರುಗಿ ನೋಡಿದರೆ ಆ ಕೈ ಇನ್ನೂ ಇಳಿದಿಲ್ಲ, ನಡುಗುತ್ತಿದೆ, ಆದರೂ ಇಳಿದಿಲ್ಲ, ಹೆಬ್ಬೆರಳು, ಏನೂ ಅಂಟಿರದ ಬರಿಯ ಹೆಬ್ಬೆರಳು, ಅವಳ ಹಣೆಯ ನೇರಕ್ಕೆ —